ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



ನೆನಪುಗಳನ್ನು ಬರೆಯಲೆಂದು ಆರಂಭಿಸಿದ ಈ ಪುಟಗಳಲ್ಲಿ ನಾನು ಜಗಳ ಬರೆದದ್ದು ಕಡಿಮೆ. ಇಂದು ಬರೆಯುತ್ತಿರುವುದು ಜಗಳವೇ. ಓದಿದ ಮೇಲೆ ಯಾರಾದರೂ ಮುನಿಸಿಕೊಂಡರೆ ಆ ಮುನಿಸನ್ನು ತಲೆಬಾಗಿ ಸ್ವೀಕರಿಸುತ್ತೇನೆ.

ಕಳೆದ ತಿಂಗಳ ಒಂದು ಮುಂಜಾನೆ, ನನ್ನ ಹಳೆಯ ವಿದ್ಯಾರ್ಥಿಗಳು ಮಾಡಿಕೊಂಡಿರುವ ವಾಟ್ಸ್ಆ್ಯಪ್ ಬಳಗದಲ್ಲಿ ಒಂದು ಸಂದೇಶ ಕಾಣಿಸಿಕೊಂಡಿತು. ಅದರ ಸಾರ ಇಷ್ಟು: ಸಿಡುಬು ಎಂದೂ ನಿರ್ಮೂಲವಾಗಲಿಲ್ಲ, ಸಿಡುಬಿನ ರೋಗಿಗಳನ್ನೇ ಸೀತಾಳೆ ಸಿಡುಬು ಎಂದು ಬರೆದುಕೊಂಡರು, ಆಫ್ರಿಕದಲ್ಲಿ ಅದನ್ನೇ ಮಂಗನ ಸಿಡುಬು ಎಂದು ಕರೆದರು, ಹೆಸರು ಬದಲಾಯಿತೇ ಹೊರತು ರೋಗ ಬದಲಾಗಲಿಲ್ಲ, ಆದ್ದರಿಂದ ಲಸಿಕೆಯ ಮಹಿಮೆಯೆಲ್ಲ ಕಟ್ಟುಕತೆ. ಕಳುಹಿಸಿದವನು ನನ್ನ ಕೈಯಲ್ಲಿ ಓದಿ ಮೇಲೆ ಬಂದ ಹುಡುಗ, ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ಹದಿನಾಲ್ಕು ಮಂದಿ ಅದಕ್ಕೆ ಹೆಬ್ಬೆಟ್ಟು ಎತ್ತಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತುವುದನ್ನು ಕಂಡಿದ್ದೆ. ಓದು ಬಲ್ಲವರು ಓದದೆ ಹೆಬ್ಬೆಟ್ಟು ಎತ್ತುವುದನ್ನು ಈ ಕಾಲದಲ್ಲಿ ಕಾಣುತ್ತಿದ್ದೇನೆ.

ಇಂಥ ಸಂದೇಶಗಳು ದಿನಕ್ಕೆ ಹತ್ತು ಬರುತ್ತವೆ. ಅಳಿಸಿ ಸುಮ್ಮನಾಗುವವನು ನಾನು. ಆದರೆ ಅದಾದ ವಾರಕ್ಕೆ ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಅವನ ಮಗಳು ಹದಿನಾಲ್ಕು ತಿಂಗಳ ಕೂಸು. ನನ್ನ ಕನ್ನಡಕವನ್ನು ಕಿತ್ತುಕೊಂಡು ನಕ್ಕಿತು. ಮಾತಿನ ನಡುವೆ ಅವನ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಢಾರದ ಲಸಿಕೆ ಹಾಕಿಸಿಲ್ಲ ಮೇಷ್ಟ್ರೇ, ನಮ್ಮ ಮಾತು ಕೇಳುವುದಿಲ್ಲ, ನೀವಾದರೂ ಹೇಳಿ" ಎಂದರು. ಹೇಳಿದೆ. "ಸರ್, ಸಿಡುಬಿನ ವಿಷಯದಲ್ಲೇ ಅವರು ಸುಳ್ಳು ಹೇಳಿರುವಾಗ ದಢಾರದ ವಿಷಯದಲ್ಲಿ ಹೇಗೆ ನಂಬಲಿ?" ಎಂದು ಅವನು ವಿನಯದಿಂದಲೇ ಕೇಳಿದ. ತುಂಬಿದ ಮನೆಯಲ್ಲಿ ವಾದ ಬೇಡವೆಂದು ಹೋಳಿಗೆ ಉಂಡು ಬಂದೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನ ಪ್ರಶ್ನೆ ಮೂರ್ಖ ಪ್ರಶ್ನೆಯಲ್ಲ. "ಈ ರೋಗ ಇದೇ, ಬೇರೆಯದಲ್ಲ ಎಂದು ನಿಮಗೆ ಹೇಗೆ ಗೊತ್ತು?" ಎಂಬುದು ವೈದ್ಯಶಾಸ್ತ್ರದ ಮೊದಲ ಪ್ರಶ್ನೆ. ಆದರೆ ಪ್ರಶ್ನೆ ಕೇಳಿದವನಿಗೆ ಉತ್ತರ ಕೇಳುವ ಸಹನೆಯೂ ಇರಬೇಕು. ಆ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆಯೇ ಕೇಳಿದವರಿದ್ದರು. ಅವರು ಅದನ್ನು ಕೇಳಿ ಸುಮ್ಮನೆ ಕೂರಲಿಲ್ಲ, ಉತ್ತರ ಹುಡುಕಲು ರೋಗಿಯ ಮೈಮೇಲಿನ ಹಕ್ಕಳೆಯನ್ನು ಸೀಸೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರು.

ನಮ್ಮ ತಲೆಮಾರಿನವರಿಗೆ ಸಿಡುಬು ಪುಸ್ತಕದ ಪದವಲ್ಲ. ನನ್ನ ಸೋದರತ್ತೆಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು, ಎಡಗಣ್ಣು ಹೋಗಿತ್ತು. ಅವರಿಗೆ ಅದು ಬಂದಾಗ ಜೊತೆಗೆ ಮಲಗಿದ್ದ ತಂಗಿ ಉಳಿಯಲಿಲ್ಲ. ನಮ್ಮ ಅಜ್ಜಿ ಆ ರೋಗದ ಹೆಸರನ್ನೇ ಹೇಳುತ್ತಿರಲಿಲ್ಲ. "ಅಮ್ಮ ಬಂದಿದ್ದಳು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಮಾರಮ್ಮನಿಗೆ ತಂಬಿಟ್ಟಿನ ಆರತಿ, ಮನೆಯಲ್ಲಿ ಒಗ್ಗರಣೆ ಇಲ್ಲದ ಅಡುಗೆ. ಹೆಸರು ಹೇಳಿದರೆ ಮತ್ತೆ ಬಂದಾಳೆಂಬ ಭಯ. ಇಪ್ಪತ್ತನೆಯ ಶತಮಾನವೊಂದರಲ್ಲೇ ಈ ರೋಗ ಅಂದಾಜು 30 ಕೋಟಿ ಜನರನ್ನು ಕೊಂದಿತೆಂದು ಹೇಳುವಾಗ ನನಗೆ ಅಂಕಿ ಕಾಣುವುದಿಲ್ಲ, ಅತ್ತೆಯ ಮುಖ ಕಾಣುತ್ತದೆ. ಈಗ ಹೇಳಿ, ಅಂಥ ಮುಖವಿರುವ, ಐವತ್ತು ದಾಟದ ಒಬ್ಬರನ್ನು ನೀವು ಈ ದೇಶದಲ್ಲಿ ಕಂಡಿದ್ದೀರಾ? ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಮೊದಲು ಕಣ್ಣಿನ ಮಾತು. ಅನುಭವವಿದ್ದ ವೈದ್ಯರು ಸಿಡುಬನ್ನು ನೋಡಿಯೇ ಹೇಳಬಲ್ಲವರಾಗಿದ್ದರು ಎಂಬುದು ನಿಜ. ಮೊದಲು ಎರಡು ಮೂರು ದಿನ ವಿಪರೀತ ಜ್ವರ, ತಲೆನೋವು, ಸೊಂಟ ಮುರಿಯುವಂಥ ನೋವು, ಆಮೇಲೆ ಗುಳ್ಳೆ. ಗುಳ್ಳೆಗಳು ಮುಖ, ಕೈ, ಕಾಲುಗಳ ಮೇಲೆ ದಟ್ಟ, ಎದೆ ಹೊಟ್ಟೆಗಳ ಮೇಲೆ ವಿರಳ. ಅಂಗೈ ಅಂಗಾಲುಗಳಲ್ಲಿಯೂ ಇರುತ್ತವೆ. ಮುಟ್ಟಿದರೆ ಚರ್ಮದ ಆಳದಲ್ಲಿ ಹೂತಿಟ್ಟ ಗಟ್ಟಿ ಕಾಳಿನಂತೆ. ಸೀತಾಳೆ ಸಿಡುಬು ಇದಕ್ಕೆ ವಿರುದ್ಧ: ಎದೆ ಬೆನ್ನುಗಳ ಮೇಲೆ ಹೆಚ್ಚು, ಅಂಗೈ ಅಂಗಾಲುಗಳಲ್ಲಿ ಅಪರೂಪ, ಗುಳ್ಳೆ ಚರ್ಮದ ಮೇಲೆ ತೇಲುವ ನೀರಹನಿಯಂತೆ. ಇನ್ನೂ ಒಂದು ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ: ಸಿಡುಬಿನ ಗುಳ್ಳೆಗಳು ಒಂದೇ ತರಗತಿಯ ಮಕ್ಕಳಂತೆ, ದೇಹದ ಒಂದು ಭಾಗದಲ್ಲಿ ಎಲ್ಲವೂ ಒಂದೇ ವಯಸ್ಸಿನವು, ಸೀತಾಳೆ ಸಿಡುಬು ಏಕೋಪಾಧ್ಯಾಯ ಶಾಲೆಯಂತೆ, ಇಂದು ಹುಟ್ಟಿದ್ದು, ನೀರು ತುಂಬಿದ್ದು, ಒಣಗಿದ್ದು ಎಲ್ಲವೂ ಒಂದೇ ಜಾಗದಲ್ಲಿ.

ಈ ನೋಟದ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಮುಖ್ಯರು ನಮ್ಮ ನೆರೆಯ ಮದರಾಸಿನ ಡಾ. ಎ. ರಾಮಚಂದ್ರ ರಾವ್. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಅವರು 6,942 ರೋಗಿಗಳನ್ನು ಗಮನಿಸಿ, ಸಿಡುಬಿನಲ್ಲಿ ಸಾಧಾರಣ ಬಗೆ, ಚಪ್ಪಟೆ ಬಗೆ, ರಕ್ತಸ್ರಾವದ ಬಗೆ ಮೊದಲಾದ ಪ್ರಭೇದಗಳನ್ನು ಗುರುತಿಸಿದರು. 1972ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ವರ್ಗೀಕರಣವನ್ನೇ ಒಪ್ಪಿಕೊಂಡಿತು. ಅದೇ ವರ್ಗೀಕರಣ ಇನ್ನೊಂದು ಸತ್ಯವನ್ನೂ ಹೇಳುತ್ತದೆ: ರಕ್ತಸ್ರಾವದ ಬಗೆಯ ಸಿಡುಬಿನಲ್ಲಿ ಗುಳ್ಳೆ ಏಳುವ ಮೊದಲೇ ರೋಗಿ ಸಾಯಬಹುದು. ಅಲ್ಲಿ ಕಣ್ಣಿಗೆ ಕಾಣುವುದೇನು?

1972ರ ಯುಗೊಸ್ಲಾವಿಯದ ಪ್ರಸಂಗ ನೋಡಿ. ಇರಾಕಿಗೆ ಹೋಗಿಬಂದ ಯಾತ್ರಿಕನೊಬ್ಬನ ಮೂಲಕ ಸಿಡುಬು ಆ ದೇಶಕ್ಕೆ ಬಂದಿತು. ಅದು ತಗುಲಿದವರಲ್ಲಿ ಮೂವತ್ತು ವರ್ಷದ ಒಬ್ಬ ಶಾಲಾ ಮಾಸ್ತರನಿದ್ದ, ನನ್ನ ವೃತ್ತಿಯವನೇ. ಅವನದು ರಕ್ತಸ್ರಾವದ ಬಗೆ. ಪೆನ್ಸಿಲಿನ್ ಒಗ್ಗದೆ ಹೀಗಾಗಿದೆ ಎಂದು ತಿಳಿದ ವೈದ್ಯರು ಅವನನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದರು. ವಿದ್ಯಾರ್ಥಿಗಳಿಗೆ ಉದಾಹರಣೆಯಾಗಿ ತೋರಿಸಿದರು. ಅವನು ತೀರಿಕೊಂಡ ಮೇಲೆ ನಿಜ ತಿಳಿಯಿತು. ಅಷ್ಟರಲ್ಲಿ ಅವನೊಬ್ಬನಿಂದಲೇ 38 ಮಂದಿಗೆ ಸೋಂಕು ಹರಡಿತ್ತು. ಒಟ್ಟು 175 ಮಂದಿಗೆ ರೋಗ, 35 ಸಾವು; ಒಂದು ಕೋಟಿ ಎಂಬತ್ತು ಲಕ್ಷ ಜನರಿಗೆ ಲಸಿಕೆ ಹಾಕಬೇಕಾಯಿತು. ಅವರು ದಡ್ಡ ವೈದ್ಯರಲ್ಲ. ಸಿಡುಬನ್ನು ಕಾಣದೆ ದಶಕಗಳಾಗಿದ್ದ ದೇಶದ, ಕಣ್ಣಿಗೆ ಅಭ್ಯಾಸ ತಪ್ಪಿದ ವೈದ್ಯರು.

ಇನ್ನು ಅಭ್ಯಾಸವಿದ್ದ ಕಣ್ಣೂ ತಪ್ಪುತ್ತದೆ. ಪ್ರಪಂಚದ ಕಟ್ಟಕಡೆಯ ಸ್ವಾಭಾವಿಕ ಸಿಡುಬು ರೋಗಿ ಸೊಮಾಲಿಯದ ಮೆರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅಡುಗೆ ಕೆಲಸದಲ್ಲಿದ್ದ ಅಲಿ ಮಾವ್ ಮಾಲಿನ್. 1977ರ ಅಕ್ಟೋಬರಿನಲ್ಲಿ ಸಿಡುಬಿನ ರೋಗಿಗಳಿದ್ದ ವಾಹನಕ್ಕೆ ದಾರಿ ತೋರಿಸಲೆಂದು ಕೆಲವೇ ನಿಮಿಷ ಅದರಲ್ಲಿ ಕುಳಿತಿದ್ದ. ಜ್ವರ ಬಂದಾಗ ಮಲೇರಿಯಾ ಎಂದರು. ಗುಳ್ಳೆ ಎದ್ದಾಗ ಸೀತಾಳೆ ಸಿಡುಬು ಎಂದು ಮನೆಗೆ ಕಳುಹಿಸಿದರು. ಕೆಲವು ದಿನಗಳ ನಂತರವೇ ನಿಜ ಹೊರಬಿದ್ದದ್ದು. ಸಿಡುಬಿನ ಹುಡುಕಾಟವೇ ನಡೆಯುತ್ತಿದ್ದ ಊರಿನಲ್ಲಿ, ಆಸ್ಪತ್ರೆಯ ನೌಕರನಲ್ಲಿಯೇ ಈ ತಪ್ಪು ನಡೆಯಿತು!

ಹಾಗಾದರೆ ನನ್ನ ಶಿಷ್ಯ ಹೇಳಿದ್ದೇ ಸರಿಯಾಯಿತಲ್ಲ ಎಂದು ನೀವು ಕೇಳಬಹುದು. ಒಂದು ಮಾತನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಆ ಸಂದೇಶ ಬರೆದವನಿಗೆ ಪ್ರಾಯಶಃ ಅದೂ ತಿಳಿದಿರಲಾರದು. ನಮ್ಮ ದೇಶದಲ್ಲಿ ಸಿಡುಬಿನ ರೋಗಿಗಳನ್ನು ಲೆಕ್ಕದಿಂದ ಮರೆಮಾಚುವ ಚಾಳಿ ನಿಜವಾಗಿಯೂ ಇತ್ತು. ಸಂಖ್ಯೆ ಹೆಚ್ಚಿದರೆ ಮೇಲಧಿಕಾರಿಗಳು ಗದರುತ್ತಾರೆಂದು ಕೆಳಗಿನವರು ಬರೆಯುತ್ತಿರಲಿಲ್ಲ. ಬರೆದರೂ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದರು. 1960ರ ದಶಕದಲ್ಲಿ ವರದಿಯಾಗುತ್ತಿದ್ದುದು ನಿಜವಾದ ಸಂಖ್ಯೆಯ ಒಂದು ಸಣ್ಣ ಅಂಶ ಮಾತ್ರ. ಇದನ್ನು ಬಯಲು ಮಾಡಿದವರು ನಿರ್ಮೂಲನೆಯ ಕಾರ್ಯಕರ್ತರೇ. 1973ರಿಂದ ಮನೆಮನೆಗೆ ಹೋಗಿ ಹುಡುಕಲು ತೊಡಗಿದಾಗ ಸಂಖ್ಯೆ ಇಳಿಯಲಿಲ್ಲ, ಏರಿತು. 1974ರಲ್ಲಿ ಭಾರತ ಸುಮಾರು 1,88,000 ರೋಗಿಗಳನ್ನು ಲೆಕ್ಕಕ್ಕೆ ಬರೆಯಿತು. ಹೆಸರು ಬದಲಿಸಿ ಮುಚ್ಚಿಹಾಕುವುದೇ ಉದ್ದೇಶವಾಗಿದ್ದರೆ, ಪ್ರಪಂಚದ ಮುಂದೆ ಅಂಥ ಅಂಕಿಯನ್ನು ಯಾರಾದರೂ ಇಡುತ್ತಿದ್ದರೇ?

ಬರೆಯುವ ಕೈಯನ್ನು ನಂಬುವಂತಿರಲಿಲ್ಲ. ನೋಡುವ ಕಣ್ಣು ತಪ್ಪಬಹುದಿತ್ತು. ಆದ್ದರಿಂದಲೇ ಪ್ರಯೋಗಾಲಯ ಬೇಕಾಯಿತು.

ಅಲ್ಲಿ ನಡೆಯುತ್ತಿದ್ದುದೇನು? ಗುಳ್ಳೆಯ ದ್ರವ ಅಥವಾ ಒಣಗಿದ ಹಕ್ಕಳೆ ಬಂದಾಗ ಮೊದಲು ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. 1948ರಿಂದಲೇ ಬಳಕೆಗೆ ಬಂದ ಉಪಾಯವಿದು. ಸಿಡುಬಿನ ವೈರಸ್ ಇಟ್ಟಿಗೆಯಾಕಾರದ್ದು. ಉದ್ದ ಸುಮಾರು 300 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಬಹುದು. ಸೀತಾಳೆ ಸಿಡುಬಿನ ವೈರಸ್ ಬೇರೆಯೇ ಕುಲದ್ದು, ಹರ್ಪಿಸ್ ವಂಶದ್ದು, ಅದು ಗುಂಡಗಿರುತ್ತದೆ. ಇಟ್ಟಿಗೆಯನ್ನೂ ಗುಂಡುಕಲ್ಲನ್ನೂ ನೋಡಿ ಒಂದೇ ಎನ್ನುವವರುಂಟೇ? ಯಾವ ಗುಮಾಸ್ತ ಯಾವ ಹೆಸರು ಬರೆದರೂ ಆ ಆಕಾರ ಬದಲಾಗುವುದಿಲ್ಲ.

ಆದರೆ ಇಟ್ಟಿಗೆಗಳಲ್ಲಿಯೂ ಒಂದು ತೊಡಕಿದೆ. ಸಿಡುಬು, ಮಂಗನ ಸಿಡುಬು, ಲಸಿಕೆಗೆ ಬಳಸುವ ವ್ಯಾಕ್ಸೀನಿಯಾ, ಈ ಮೂರೂ ಇಟ್ಟಿಗೆಗಳೇ. ಸೂಕ್ಷ್ಮದರ್ಶಕಕ್ಕೆ ಮೂವರೂ ಅವಳಿ ಜವಳಿ. ಅವನ್ನು ಬೇರ್ಪಡಿಸಲು ಬಳಕೆಯಾದ ವಸ್ತು ಸಾಮಾನ್ಯ ಕೋಳಿಮೊಟ್ಟೆ. ಹನ್ನೆರಡು ದಿನ ಕಾವು ಕೊಟ್ಟ, ಒಳಗೆ ಮರಿ ಬೆಳೆಯುತ್ತಿರುವ ಮೊಟ್ಟೆಯ ಒಳಪೊರೆಯ ಮೇಲೆ ಮಾದರಿಯನ್ನು ಹಚ್ಚಿ ಮೂರು ದಿನ ಬಿಡುವುದು. ಸಿಡುಬಾದರೆ ಪೊರೆಯ ಮೇಲೆ ಒಂದು ಮಿಲಿಮೀಟರಿನಷ್ಟು ಸಣ್ಣ, ಬಿಳಿಯ, ಉಬ್ಬಿದ ಚುಕ್ಕೆಗಳು. ವ್ಯಾಕ್ಸೀನಿಯಾ ಆದರೆ ದೊಡ್ಡ, ಚಪ್ಪಟೆ, ನಡುವೆ ಕೊಳೆತ ಚುಕ್ಕೆಗಳು. ಸೀತಾಳೆ ಸಿಡುಬಾದರೆ ಏನೂ ಬೆಳೆಯುವುದಿಲ್ಲ. ಕಾವಿನ ಮಟ್ಟವೂ ಸಾಕ್ಷಿ ಹೇಳುತ್ತದೆ: ಉಗ್ರ ಸಿಡುಬಿನ ವೈರಸ್ 38.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬೆಳೆಯದು, ಸೌಮ್ಯ ಸಿಡುಬಿನದು 37.5 ಮೀರಿದರೆ ಬೆಳೆಯದು, ವ್ಯಾಕ್ಸೀನಿಯಾ 41ರವರೆಗೂ ತಾಳುತ್ತದೆ. ನೋಡಿದಿರಾ, ಒಂದು ಮಾತಿಗೆ ಎಷ್ಟು ಸಾಕ್ಷಿಗಳು! ಆಕಾರ ಒಂದು, ಚುಕ್ಕೆ ಒಂದು, ಕಾವು ಒಂದು. ಒಂದು ಸುಳ್ಳಾದರೂ ಇನ್ನೊಂದು ಹಿಡಿದುಕೊಡುತ್ತದೆ.

ಈಗ ನನ್ನ ಸ್ವಂತ ಕತೆ. ಇದನ್ನು ಹೇಳಲು ನನಗೆ ಇಂದಿಗೂ ಸಂಕೋಚ.

ಅದು 1976ನೆಯ ಇಸವಿ. ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಹೊಸ ಮೇಷ್ಟ್ರು. ಭಾರತದ ಕೊನೆಯ ಸಿಡುಬು ರೋಗಿ 1975ರ ಮೇ ತಿಂಗಳಲ್ಲಿ ಪತ್ತೆಯಾಗಿದ್ದರೂ ಹುಡುಕಾಟ ನಿಂತಿರಲಿಲ್ಲ. ಆರೋಗ್ಯ ಇಲಾಖೆಯ ಕಾರ್ಯಕರ್ತರೊಬ್ಬರು ಶಾಲೆಗೆ ಬಂದು, ಮೈತುಂಬ ಗುಳ್ಳೆಯೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಮಕ್ಕಳಿಗೆ ತೋರಿಸಿ, "ಇಂಥವರನ್ನು ಕಂಡರೆ ಹೇಳಿ, ಸಿಡುಬೆಂದು ಖಚಿತವಾದರೆ ಸಾವಿರ ರೂಪಾಯಿ ಬಹುಮಾನ" ಎಂದರು. ಸಾವಿರ ರೂಪಾಯಿ ಎಂದರೆ ನನ್ನ ಮೂರು ತಿಂಗಳ ಸಂಬಳ. ಅದಾದ ಹದಿನೈದು ದಿನಕ್ಕೆ ನಾಲ್ಕನೆಯ ತರಗತಿಯ ಹುಡುಗನೊಬ್ಬ ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ಕಂಬಳಿ ಹೊದೆದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದ. ಮುಖದ ಮೇಲೆ ಗುಳ್ಳೆಗಳು. ಕಾರ್ಡಿನ ಚಿತ್ರವೇ ಎದ್ದುಬಂದಂತೆ ಕಂಡಿತು. ಸೈಕಲ್ ಹತ್ತಿ ಏಳು ಮೈಲಿ ತುಳಿದು ವರದಿ ಮಾಡಿದೆ. ಊರಿನ ಮೇಲಿನ ಕಾಳಜಿ ಎಷ್ಟು, ಸಾವಿರ ರೂಪಾಯಿಯ ಆಸೆ ಎಷ್ಟು ಎಂದು ನನ್ನ ಆತ್ಮವನ್ನು ಕೇಳಿದರೆ ಇಂದಿಗೂ ಅದು ನೇರ ಉತ್ತರ ಕೊಡುವುದಿಲ್ಲ.

ಮಾರನೆಯ ದಿನ ಜೀಪಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಬಂದರು. ಅವರು ಮಾಡಿದ ಮೊದಲ ಕೆಲಸವೆಂದರೆ ಕಂಬಳಿಯನ್ನು ಸರಿಸಿದ್ದು. ಎದೆ, ಬೆನ್ನುಗಳ ಮೇಲೆ ಮುಖಕ್ಕಿಂತ ದಟ್ಟವಾಗಿ ಗುಳ್ಳೆಗಳಿದ್ದವು. ಕೆಲವು ಒಣಗಿದ್ದವು, ಕೆಲವು ಆಗ ತಾನೇ ಮೂಡುತ್ತಿದ್ದವು. ಅಂಗೈ, ಅಂಗಾಲು ಶುಭ್ರ. ನಾನು ಮುಖವನ್ನು ಮಾತ್ರ ನೋಡಿ ಓಡಿದ್ದೆ. "ಸೀತಾಳೆ ಸಿಡುಬು ಅನ್ನಿಸುತ್ತದೆ" ಎಂದರು. ಅಲ್ಲಿಗೆ ಮುಗಿಯಿತೆಂದು ನಾನು ತಲೆ ತಗ್ಗಿಸಿದೆ. ಅವರು ಮಾತ್ರ ಚೀಲದಿಂದ ಚಿಮುಟ ತೆಗೆದು, ನಾಲ್ಕಾರು ಹಕ್ಕಳೆಗಳನ್ನು ಎತ್ತಿ ಸಣ್ಣ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಅದನ್ನು ಇನ್ನೊಂದು ಡಬ್ಬಿಯೊಳಗಿಟ್ಟು ಹೆಸರು, ಊರು, ದಿನಾಂಕ ಬರೆದರು. "ಗೊತ್ತಾದ ಮೇಲೂ ಏಕೆ ಸರ್?" ಎಂದು ಕೇಳಿದೆ. "ನನಗೆ ಗೊತ್ತಾದರೆ ಸಾಲದು ಮೇಷ್ಟ್ರೇ. ನಾಳೆ ಯಾರಾದರೂ ಬಂದು, ನೀವು ಸಿಡುಬನ್ನೇ ಸೀತಾಳೆ ಸಿಡುಬು ಎಂದು ಬರೆದುಕೊಂಡಿರಿ ಎಂದರೆ ಏನು ತೋರಿಸಲಿ?" ಎಂದರು. ಐವತ್ತು ವರ್ಷಗಳ ನಂತರ ನನ್ನ ಶಿಷ್ಯ ಕಳುಹಿಸಲಿದ್ದ ಸಂದೇಶಕ್ಕೆ ಆ ಮನುಷ್ಯ ಅಂದೇ ಉತ್ತರ ಸಿದ್ಧಪಡಿಸುತ್ತಿದ್ದರು.

ಉತ್ತರ ಬರುವವರೆಗೆ ಆ ಮನೆಯ ಬಾಗಿಲಿಗೆ ಕಾವಲು. ತಂದೆಗೆ ಕೂಲಿ ತಪ್ಪಿತು. ಹುಡುಗನ ಅಕ್ಕನನ್ನು ನೋಡಲು ಬರಬೇಕಾಗಿದ್ದ ಗಂಡಿನ ಕಡೆಯವರು ಸುದ್ದಿ ಕೇಳಿ ಬರಲಿಲ್ಲ. ಆ ಸಂಬಂಧ ಮುರಿದೇ ಹೋಯಿತು. ಕೊನೆಗೆ ಸಿಡುಬಲ್ಲ ಎಂಬ ಉತ್ತರ ಬಂದಿತು. ಹುಡುಗನ ತಂದೆ ಅರಳಿಕಟ್ಟೆಯ ಬಳಿ ನಾಲ್ಕು ಜನರ ಮುಂದೆ, "ಏನ್ ಮೇಷ್ಟ್ರೇ, ಸಾವಿರ ರೂಪಾಯಿ ಬಂತಾ?" ಎಂದು ಕೇಳಿದ. ಆ ಮಾತಿನ ಗಾಯಕ್ಕೆ ಇಂದಿಗೂ ಹಕ್ಕಳೆ ಕಟ್ಟಿಲ್ಲ. ಮುಂದೆ ಒಮ್ಮೆ ಆ ಡಾಕ್ಟರು ಸಿಕ್ಕಾಗ ಕ್ಷಮೆ ಕೇಳಿದೆ. "ತಪ್ಪೇನು ಮಾಡಿದಿರಿ? ನಮಗೆ 'ಹೌದು' ಎಂಬ ಉತ್ತರಕ್ಕಿಂತ 'ಅಲ್ಲ' ಎಂಬ ಉತ್ತರವೇ ಈಗ ಹೆಚ್ಚು ಬೇಕು. ಅಲ್ಲ, ಅಲ್ಲ, ಅಲ್ಲ ಎಂದು ಸಾವಿರ ಸಲ ಕೇಳಿದ ಮೇಲೆ ತಾನೇ ಇಲ್ಲ ಎಂದು ಹೇಳಬಹುದು?" ಎಂದರು.

ಪರೀಕ್ಷೆಯ ಮಹತ್ವವನ್ನು ನನಗೆ ಕಲಿಸಿದ ಮಾತು ಇದು. ದೇಶದ ಮೂಲೆ ಮೂಲೆಯಿಂದ, ಬಹುಮಾನದ ಆಸೆಗೋ ಭಯಕ್ಕೋ, ನನ್ನಂಥವರು ವರದಿ ಮಾಡುತ್ತಲೇ ಇದ್ದರು. ಅನುಮಾನ ಬಂದ ಕಡೆಯಿಂದ ಸೀಸೆಗಳು ಹೋಗುತ್ತಲೇ ಇದ್ದವು. 1975ರ ಮೇ ನಂತರ ಯಾವ ಸೀಸೆಯೂ ನಮ್ಮ ದೇಶದಲ್ಲಿ ಸಿಡುಬಿದೆ ಎಂದು ಹೇಳಲಿಲ್ಲ. ಹೀಗೆ ಎರಡು ವರ್ಷ ಕಾದ ಮೇಲೆ, 1977ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಆಯೋಗ ಬಂದು ನೋಡಿ ಭಾರತ ಸಿಡುಬುಮುಕ್ತ ಎಂದು ಒಪ್ಪಿತು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಪ್ರಪಂಚಕ್ಕೇ ಸಾವಿರ ಡಾಲರುಗಳ ಬಹುಮಾನ ಸಾರಿತು. ಷರತ್ತು: ರೋಗ ಪ್ರಯೋಗಾಲಯದಲ್ಲಿ ದೃಢಪಡಬೇಕು. ಆ ಬಹುಮಾನ ಯಾರಿಗೂ ಸಲ್ಲಲಿಲ್ಲ.

ಪ್ರಯೋಗಾಲಯವನ್ನೂ ನಂಬದವರಿಗೆ ಇನ್ನೊಂದು ಸಾಕ್ಷಿಯಿದೆ. ಆಯೋಗದವರು ಮಕ್ಕಳ ಮುಖಗಳನ್ನು ನೋಡಿಸಿದರು. ಉಗ್ರ ಸಿಡುಬಿನಿಂದ ಬದುಕಿ ಉಳಿದ ಬಹುಪಾಲು ಜನರ ಮುಖದಲ್ಲಿ ಕಲೆ ಉಳಿಯುತ್ತದೆ. ಕೊನೆಯ ರೋಗಿಯ ನಂತರ ಹುಟ್ಟಿದ ಮಕ್ಕಳಲ್ಲಿ ಅಂಥ ಕಲೆ ಕಂಡರೆ ಲೆಕ್ಕ ಸುಳ್ಳು. ಕಾಗದದ ಮೇಲೆ ಹೆಸರು ಬದಲಿಸಬಹುದು; ಮಗುವಿನ ಮುಖದ ಮೇಲಿನ ಗುಂಡಿಗಳನ್ನು ಯಾವ ಗುಮಾಸ್ತನೂ ಅಳಿಸಲಾರ. ಅದಕ್ಕೇ ಮೊದಲೇ ಕೇಳಿದೆ, ನನ್ನ ಅತ್ತೆಯಂಥ ಮುಖವುಳ್ಳ, ಐವತ್ತು ದಾಟದ ಒಬ್ಬರನ್ನು ತೋರಿಸಿ ಎಂದು.

ಇನ್ನು ಮಂಗನ ಸಿಡುಬಿನ ಮಾತು. 1970ರ ಸೆಪ್ಟೆಂಬರಿನಲ್ಲಿ, ಮುಂದೆ ಜೈರ್ ಎಂದು ಹೆಸರಾದ ಕಾಂಗೋ ದೇಶದ ಬಸಂಕುಸು ಎಂಬಲ್ಲಿ ಒಂಬತ್ತು ತಿಂಗಳ ಮಗುವೊಂದಕ್ಕೆ ಸಿಡುಬಿನಂಥದೇ ಗುಳ್ಳೆಗಳೆದ್ದವು. ನೋಡಿದವರು ಸಿಡುಬೆಂದೇ ಅನುಮಾನಿಸಿದರು. ಮಾದರಿ ಮಾಸ್ಕೋದ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಬೆಳೆದದ್ದು ಸಿಡುಬಿನ ವೈರಸ್ ಅಲ್ಲ. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿದ್ದ ವೈರಸ್. ಮನುಷ್ಯನಲ್ಲಿ ಆ ರೋಗ ಪತ್ತೆಯಾದದ್ದು ಅದೇ ಮೊದಲು. ಸಂದೇಶ ಬರೆದವನ ಕಣ್ಣಿಗೆ ಇದು ಹೆಸರು ಬದಲಿಸಿದ ಕತೆ. ನಿಜದಲ್ಲಿ ಇದು ಹೆಸರನ್ನು ಸರಿಪಡಿಸಿದ ಕತೆ. ಮೋಸ ಮಾಡುವವನು ಹಳೆಯ ಹೆಸರಿನಲ್ಲೇ ಕಡತ ಮುಚ್ಚುತ್ತಾನೆ. ಹೊಸ ರೋಗವೊಂದನ್ನು ತಲೆಯ ಮೇಲೆ ಎಳೆದುಕೊಳ್ಳುವುದಿಲ್ಲ. ಹೆಸರು ನಿಜವಾಗಿ ಬದಲಾದದ್ದು ಒಮ್ಮೆ ಮಾತ್ರ, 2022ರ ನವೆಂಬರಿನಲ್ಲಿ: ಮಂಕಿಪಾಕ್ಸ್ ಎಂಬುದನ್ನು ಎಂಪಾಕ್ಸ್ ಎಂದು ಕರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರೆದುರು ಸಾರಿಯೇ ಬದಲಿಸಿತು.

ಪ್ರಯೋಗಾಲಯವೇನು ದೇವಾಲಯವಲ್ಲ. ಅಲ್ಲಿಯೂ ಮನುಷ್ಯರೇ ಇರುವುದು. ಮಂಗಗಳಲ್ಲಿಯೂ ಇತರ ಪ್ರಾಣಿಗಳಲ್ಲಿಯೂ ಸಿಡುಬಿನಂಥ "ಬಿಳಿ ಚುಕ್ಕೆಯ" ವೈರಸ್ ಸಿಕ್ಕಿತೆಂದು ಕೆಲವು ಪ್ರಯೋಗಾಲಯಗಳು ಒಮ್ಮೆ ವರದಿ ಮಾಡಿದ್ದವು. ಅದು ನಿಜವಾಗಿದ್ದರೆ ಸಿಡುಬು ಕಾಡಿನಲ್ಲಿ ಅಡಗಿದೆ ಎಂದಾಗುತ್ತಿತ್ತು. ನಿರ್ಮೂಲನೆಯ ಮಾತೇ ಬಿದ್ದುಹೋಗುತ್ತಿತ್ತು. ಮುಂದೆ ಅವುಗಳ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ, ಅದೇ ಪ್ರಯೋಗಾಲಯಗಳಲ್ಲಿದ್ದ ಸಿಡುಬಿನ ವೈರಸ್ ಬೆರೆತು ಆದ ಪ್ರಮಾದವದು ಎಂದು ತಿಳಿಯಿತು. ಪ್ರಯೋಗಾಲಯದ ತಪ್ಪನ್ನು ಪ್ರಯೋಗಾಲಯವೇ ಹಿಡಿಯಿತು.

ಇದಕ್ಕಿಂತ ಘೋರವಾದದ್ದು 1978ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯಿತು. ವೈದ್ಯಕೀಯ ಶಾಲೆಯ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ ಅವರ ಕೆಲಸದ ಕೋಣೆಯ ಕೆಳಗಿನ ಅಂತಸ್ತಿನಲ್ಲಿ ಸಿಡುಬಿನ ವೈರಸ್ಸಿನ ಸಂಶೋಧನೆ ನಡೆಯುತ್ತಿತ್ತು. ಆಕೆಗೆ ಗುಳ್ಳೆ ಎದ್ದಾಗ ಔಷಧ ಒಗ್ಗಲಿಲ್ಲವೆಂದೋ ಸೀತಾಳೆ ಸಿಡುಬೆಂದೋ ತಿಳಿದರು. ಮಗಳಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಾಗ ನೋಡಿದ್ದ ತಾಯಿ ಮಾತ್ರ ಇದು ಅದಲ್ಲ ಎನ್ನುತ್ತಲೇ ಇದ್ದರು. ಎರಡು ವಾರ ಕಳೆದ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆಗಳು ಕಂಡವು. ಸೆಪ್ಟೆಂಬರ್ 11ರಂದು ಆಕೆ ತೀರಿಕೊಂಡರು; ಆ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಹೆನ್ರಿ ಬೆಡ್ಸನ್ ಅದಕ್ಕೂ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಇದನ್ನು ಯಾರೂ ಮುಚ್ಚಿಡಲಿಲ್ಲ. ಸರ್ಕಾರ ವಿಚಾರಣೆ ನಡೆಸಿತು. ಇಂದು ಸಿಡುಬಿನ ವೈರಸ್ ಇರಿಸಲು ಒಪ್ಪಿಗೆಯಿರುವುದು ಪ್ರಪಂಚದಲ್ಲಿ ಎರಡೇ ಕಡೆ, ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೊಲ್ತ್ಸೊವೊ. ಲಸಿಕೆ ವಿರೋಧಿಗಳು ಪ್ರಯೋಗಾಲಯಗಳ ತಪ್ಪುಗಳನ್ನು ಎತ್ತಿ ಆಡುತ್ತಾರೆ. ಆ ತಪ್ಪುಗಳು ಅವರಿಗೆ ಎಲ್ಲಿಂದ ಗೊತ್ತಾದವು? ತಪ್ಪು ಮಾಡಿದವರೇ ಬರೆದಿಟ್ಟದ್ದರಿಂದ. ತನ್ನ ತಪ್ಪನ್ನು ಎಂದಾದರೂ ಒಪ್ಪಿಕೊಂಡ ವಾಟ್ಸ್ಆ್ಯಪ್ ಸಂದೇಶವೊಂದನ್ನು ನನಗೆ ತೋರಿಸಿ.

ಇಂದು ಮೊಟ್ಟೆಯ ಅಗತ್ಯವೂ ಉಳಿದಿಲ್ಲ. ಕೊರೋನಾ ಕಾಲದಲ್ಲಿ ನಿಮಗೆಲ್ಲ ಬಾಯಿಪಾಠವಾದ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಉತ್ತರ ಹೇಳುತ್ತದೆ. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದವರೊಬ್ಬರ ಗುಳ್ಳೆ ಎಂಪಾಕ್ಸ್ ಎಂದು ದೃಢಪಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಿಂದಲೇ. ಸಿಡುಬಿನ ವೈರಸ್ಸಿನ ವಂಶಲಿಪಿಯನ್ನು 1993ರಲ್ಲಿಯೇ ಪೂರ್ತಿಯಾಗಿ ಓದಿ ಪ್ರಕಟಿಸಲಾಯಿತು. ಓದಿದ ಮಾದರಿಗಳಲ್ಲಿ ಒಂದರ ಹೆಸರೇ "ಇಂಡಿಯಾ-1967". ಅದರಲ್ಲಿ ಸುಮಾರು 1,86,000 ಅಕ್ಷರಗಳು. ಎಂಪಾಕ್ಸ್‌ನದರಲ್ಲಿ ಸುಮಾರು 1,97,000. ಸೀತಾಳೆ ಸಿಡುಬಿನದರಲ್ಲಿ ಸುಮಾರು 1,25,000. ಮೂರು ಬೇರೆ ಬೇರೆ ಪುಸ್ತಕಗಳು. ರಟ್ಟಿನ ಮೇಲಿನ ಹೆಸರನ್ನು ಅಳಿಸಿದರೂ ಒಳಗಿನ ಪಾಠ ಬೇರೆಯೇ.

ಈಗ ನೇರವಾಗಿ ನಿನಗೆ, ಮಗು. ಹೆಸರು ಬರೆಯುವುದಿಲ್ಲ, ಓದುತ್ತಿದ್ದೀಯೆಂದು ಬಲ್ಲೆ.

ನೀನು ಹೈಸ್ಕೂಲಿನಲ್ಲಿದ್ದಾಗ ಲೆಕ್ಕದ ಉತ್ತರ ಸರಿಯಾಗಿದ್ದರೂ ಹಂತಗಳನ್ನು ಬರೆಯಲಿಲ್ಲವೆಂದು ನಾನು ಅಂಕ ಕಳೆದಿದ್ದೆ. ನೀನು ಅತ್ತಿದ್ದೆ. ಇಂದು ನೀನು ನನಗೆ ಕಳುಹಿಸಿದ್ದು ಹಂತಗಳೇ ಇಲ್ಲದ ಉತ್ತರ. ಅನುಮಾನಿಸು, ಬೇಡವೆನ್ನುವುದಿಲ್ಲ, ಆದರೆ ಆ ಮುದಿ ಡಾಕ್ಟರಂತೆ ಅನುಮಾನಿಸು. ಕಂಬಳಿ ಸರಿಸಿ ನೋಡಿ, ಹಕ್ಕಳೆ ಎತ್ತಿ ಕಳುಹಿಸಿ, ಉತ್ತರ ಬರುವವರೆಗೆ ಕಾದು ಅನುಮಾನಿಸು. ಮುಖ ಮಾತ್ರ ನೋಡಿ ಓಡಿದ ನಿನ್ನ ಮೇಷ್ಟ್ರ ತಪ್ಪನ್ನು ನೀನು ಮಾಡಬೇಡ. ನನ್ನ ತಪ್ಪಿಗೆ ಒಬ್ಬ ಹೆಣ್ಣುಮಗಳ ಸಂಬಂಧ ಮುರಿಯಿತು. ನಿನ್ನ ತಪ್ಪಿನ ಬೆಲೆಯನ್ನು ನನ್ನ ಕನ್ನಡಕ ಕಿತ್ತುಕೊಂಡ ಆ ಕೂಸು ತೆರಬೇಕಾದೀತು.

ಬಸಂಕುಸುವಿನ ಮಗುವಿನ ಕತೆಯನ್ನು ನಾನು ಪೂರ್ತಿ ಹೇಳಲಿಲ್ಲ. ಅದು ಮಂಗನ ಸಿಡುಬಿನಿಂದ ಗುಣವಾಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ದಢಾರ ತಗುಲಿತು, ಅದರಿಂದ ತೀರಿಕೊಂಡಿತು. ಪ್ರಪಂಚಕ್ಕೇ ಹೊಸದಾದ ರೋಗವನ್ನು ಗೆದ್ದ ಮಗುವನ್ನು, ನಾವು "ಮಕ್ಕಳಿಗೆ ಬರುವಂಥದ್ದೇ" ಎಂದು ಹಗುರವಾಗಿ ಮಾತಾಡುವ ದಢಾರ ಕೊಂದಿತು.

ನನಗೆ ಉತ್ತರ ಬರೆಯಬೇಡ. ಬಳಗದಲ್ಲಿ ಕ್ಷಮೆ ಕೇಳುವುದೂ ಬೇಡ. ಮಗಳ ಲಸಿಕೆಯ ಕಾರ್ಡಿನಲ್ಲಿ ಖಾಲಿಯಿರುವ ಜಾಗದಲ್ಲಿ ಈ ವಾರದ ಒಂದು ದಿನಾಂಕ ಬೀಳಲಿ. ನಿನ್ನ ತಾಯಿ ನನಗೆ ಫೋನು ಮಾಡಿ ತಿಳಿಸುತ್ತಾರೆ; ಅವರಿಗೆ ಹೇಳಿಟ್ಟಿದ್ದೇನೆ.

ಇತಿ ನಿಮ್ಮೆಲ್ಲರ ಹಿತಚಿಂತಕ,
ನಿಮ್ಮ ಮೇಷ್ಟ್ರು